ಕೆಲೇಔಟ್‌ನಲ್ಲಿ ಪದರಗಳ ಬಣ್ಣ ಸರಿಪಡಿಸಿದ ಬಗೆ

ಸ್ಕೈವಾಟರ್ ಎಂಬ ಚಿಪ್ ತಯಾರಕ ಸಂಸ್ಥೆಯ 130 ನ್ಯಾನೋಮೀಟರ್ ತಂತ್ರಜ್ಞಾನದ ಜಿಡಿಎಸ್ ಕಡತವೊಂದನ್ನು (ಚಿಪ್‌ನ ಪದರಗಳ ನಕ್ಷೆಯಿರುವ ಕಡತ), ಅಂಥ ನಕ್ಷೆಗಳನ್ನು ನೋಡುವ ತಂತ್ರಾಂಶವಾದ ಕೆಲೇಔಟ್‌ನಲ್ಲಿ ತೆರೆದಾಗ ಪದರಗಳಿಗೆ ಹೆಸರೇ ಇರಲಿಲ್ಲ, ಬರೀ ಸಂಖ್ಯೆಗಳು. ಪಾಲಿ (ಟ್ರಾನ್ಸಿಸ್ಟರ್‌ಗಳ ಗೇಟ್ ಆಗುವ ಪಾಲಿಸಿಲಿಕಾನ್ ಪದರ) ಯಾವುದು, ಮೊದಲ ಲೋಹದ ಪದರ ಯಾವುದು ಎಂದು ಗುರುತಿಸಲಾಗದಂತೆ ಎಲ್ಲವೂ ಒಂದರ ಮೇಲೊಂದು ಬಿದ್ದಿದ್ದವು.

ಕಡತದಲ್ಲಿ ದೋಷವಿರಲಿಲ್ಲ. ಜಿಡಿಎಸ್ ಬಣ್ಣಗಳನ್ನು ಇಟ್ಟುಕೊಳ್ಳುವುದೇ ಇಲ್ಲ. ಪದರಗಳ ಮಟ್ಟಿಗೆ ಸಂಖ್ಯೆ, ಡೇಟಾಟೈಪ್ ಎಂಬ ಉಪಸಂಖ್ಯೆ, ಆಕೃತಿಗಳು ಮಾತ್ರ ಅದರಲ್ಲಿರುತ್ತವೆ. ಹೆಸರು, ಬಣ್ಣ, ಆಕೃತಿಯ ಒಳಗೆ ತುಂಬುವ ಗೆರೆ-ಚುಕ್ಕೆಗಳ ವಿನ್ಯಾಸ ಎಲ್ಲವೂ ಕೆಲೇಔಟ್‌ನ ಪ್ರತ್ಯೇಕ ಎಲ್‌ವೈಪಿ ಕಡತದಲ್ಲಿರುತ್ತವೆ. ಪಿಡಿಕೆ (ಆ ತಂತ್ರಜ್ಞಾನದಲ್ಲಿ ಚಿಪ್ ವಿನ್ಯಾಸ ಮಾಡಲು ಬೇಕಾದ ಕಡತಗಳ ಸಂಗ್ರಹ) ಜೊತೆಗೆ ಬಂದಿದ್ದ ಆ ಕಡತವನ್ನು ಫೈಲ್ ಮೆನುವಿನ ಲೋಡ್ ಲೇಯರ್ ಪ್ರಾಪರ್ಟೀಸ್ ಮೂಲಕ ತೆರೆದೆ. 66/20 (ಅಂದರೆ ಪದರ 66, ಡೇಟಾಟೈಪ್ 20) ಪಾಲಿ, 67/20 ಲೋಕಲ್ ಇಂಟರ್‌ಕನೆಕ್ಟ್ (ಹತ್ತಿರದ ಭಾಗಗಳನ್ನು ಜೋಡಿಸುವ ಪದರ), 68/20 ಮೆಟಲ್ 1 (ಮೊದಲ ಲೋಹದ ಪದರ) ಎಂದು ಹೆಸರುಗಳು ಬಂದವು.

ಆದರೂ ನನಗೆ ತೃಪ್ತಿಯಾಗಲಿಲ್ಲ. ದಿನವಿಡೀ ನೋಡುವ ಚಿತ್ರ ಕಣ್ಣಿಗೆ ಹಿತವಾಗಿರಲೇಬೇಕು. ಬಣ್ಣಕ್ಕಿಂತ ತುಂಬುವ ವಿನ್ಯಾಸವೇ ಹೆಚ್ಚು ನೆರವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬಣ್ಣಗಳ ವ್ಯತ್ಯಾಸ ಸುಲಭವಾಗಿ ಕಾಣದವರಿಗಂತೂ ಅದೇ ಆಧಾರ. ಎನ್‌ವೆಲ್‌ಗೆ (ಪಿ-ಮಾದರಿಯ ಟ್ರಾನ್ಸಿಸ್ಟರ್‌ಗಳು ಕೂರುವ ಪ್ರದೇಶ) ಅಂಚು ಮಾತ್ರ ಉಳಿಸಿ ಒಳಭಾಗ ಖಾಲಿ ಬಿಟ್ಟೆ. ಮೆಟಲ್ 1ಕ್ಕೆ ಬಲಕ್ಕೆ ಓರೆಯಾದ ಗೆರೆ, ಮೆಟಲ್ 2ಕ್ಕೆ ಎಡಕ್ಕೆ ಓರೆಯಾದ ಗೆರೆ ಕೊಟ್ಟೆ. ಎರಡೂ ಸೇರುವಲ್ಲಿ ಜಾಲರಿಯಂತೆ ಕಾಣುವುದರಿಂದ ಅತಿಕ್ರಮಣ ತಟ್ಟನೆ ತಿಳಿಯುತ್ತದೆ. ಲೋಹದ ಪದರಗಳನ್ನು ಮೇಲೆ-ಕೆಳಗೆ ಜೋಡಿಸುವ ವಯಾಗಳಿಗೆ ಮಾತ್ರ ಗಟ್ಟಿ ಬಣ್ಣ. ಸಿದ್ಧ ವಿನ್ಯಾಸ ಸಾಲದಿದ್ದರೆ ಚುಕ್ಕೆಚುಕ್ಕೆಯಾಗಿ ನಾವೇ ಬರೆದುಕೊಳ್ಳಬಹುದು.

ಇಷ್ಟಾದ ಮೇಲೆ ಸೇವ್ ಲೇಯರ್ ಪ್ರಾಪರ್ಟೀಸ್ ಒತ್ತಿ ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಪಿಡಿಕೆಯ ಮೂಲ ಕಡತವನ್ನು ಮುಟ್ಟಬೇಡಿ. ಟೂಲ್ಸ್ ಮೆನುವಿನ ಮ್ಯಾನೇಜ್ ಟೆಕ್ನಾಲಜೀಸ್‌ನಲ್ಲಿ ಈ ಹೊಸ ಕಡತವನ್ನು ಸೂಚಿಸಿದರೆ, ಆ ತಂತ್ರಜ್ಞಾನದಲ್ಲಿ ತೆರೆಯುವ ಚಿಪ್ ನಕ್ಷೆಗಳಿಗೆಲ್ಲ ಅದೇ ಬಣ್ಣಗಳು ಬರುತ್ತವೆ.