ಘಟ್ಟದ ಮಳೆಗೆ ತಕ್ಕ ಜಿಪಿಎಸ್: ಸೈಕಲ್ಲಿಗೆ ನಾನು ಆರಿಸಿಕೊಂಡ ಬಗೆ

ಶಿರಸಿಯಲ್ಲಿ ಹೊಸದಾಗಿ ಸೈಕಲ್ ತುಳಿಯಲು ಶುರುಮಾಡಿದವರು ಯಾವ ಜಿಪಿಎಸ್ ತಗೊಳ್ಳಲಿ ಎಂದು ಕೇಳಿದಾಗ ನಾನು ಎರಡು ಪ್ರಶ್ನೆ ತಿರುಗಿ ಕೇಳುತ್ತೇನೆ. ಮಳೆಗಾಲದಲ್ಲೂ ತುಳಿಯುತ್ತೀರಾ? ಮುಖ್ಯರಸ್ತೆ ಬಿಟ್ಟು ಒಳದಾರಿಗೆ ಇಳಿಯುತ್ತೀರಾ? ಎರಡಕ್ಕೂ ಇಲ್ಲ ಎಂದಾದರೆ ಕೈಯಲ್ಲಿರುವ ಫೋನೇ ಸಾಕು, ದುಡ್ಡು ಉಳಿಸಿಕೊಳ್ಳಿ. ನನಗೆ ಎರಡೂ ಬೇಕಿತ್ತು. ಹಾಗಾಗಿ ಸುಮಾರು ಒಂದು ವರ್ಷ ಫೋನು, ಗೆಳೆಯರಿಂದ ಕಡ ತಂದ ಸಾಧನಗಳು ಎಲ್ಲವನ್ನೂ ಹ್ಯಾಂಡಲ್ಲಿಗೆ ಕಟ್ಟಿ ನೋಡಿ, ಆಮೇಲೆ ಕೊಂಡೆ.

ಮೊದಲು ಒಂದು ತಪ್ಪು ನಂಬಿಕೆ ಬಿಡಿಸಬೇಕು. ಉಂಚಳ್ಳಿ ಜಲಪಾತದ ಕಡೆಗೋ ಯಾಣದ ಕಡೆಗೋ ಹೋದಾಗ ಸಿಗ್ನಲ್ ಹೋದ ಕೂಡಲೇ ‘ಜಿಪಿಎಸ್ ಸತ್ತಿತು’ ಎನ್ನುವವರಿದ್ದಾರೆ. ಸತ್ತದ್ದು ಮೊಬೈಲ್ ನೆಟ್‌ವರ್ಕ್ ಮಾತ್ರ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಿಂದ ಸಮಯ ಮತ್ತು ತಮ್ಮ ಸ್ಥಾನವನ್ನು ಸಾರುತ್ತಲೇ ಇರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಕೇಳಿಸಿದರೆ ಸಾಧನ ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ, ಅದಕ್ಕೆ ಸಿಮ್ ಬೇಡ. ನೆಟ್ ಹೋದಾಗ ಇಲ್ಲವಾಗುವುದು ನಕ್ಷೆ. ಆದ್ದರಿಂದ ಫೋನಿನಲ್ಲೇ ಹೋಗುವವರು ಓಸ್ಮಾಂಡ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಆ್ಯಪ್‌ನಲ್ಲಿ ನಮ್ಮ ಭಾಗದ ನಕ್ಷೆಯನ್ನು ಮನೆಯ ವೈಫೈಯಲ್ಲೇ ಇಳಿಸಿಕೊಳ್ಳಿ. ಗೂಗಲ್ ಮ್ಯಾಪ್ಸ್‌ನಲ್ಲೂ ಇಳಿಸಬಹುದು, ಆದರೆ ನೆಟ್ ಇಲ್ಲದಾಗ ಅದು ವಾಹನದ ದಾರಿ ಮಾತ್ರ ಹೇಳುತ್ತದೆ. ಕಾರಿಗೆ ಅಷ್ಟು ಧಾರಾಳವಾಯಿತು. ಕಾರಿಗೆಂದೇ ಬೇರೆ ಸಾಧನ ಕೊಳ್ಳುವ ಅಗತ್ಯ ನನಗೆ ಕಂಡಿಲ್ಲ.

ಸೈಕಲ್ಲಿನ ಕಥೆ ಬೇರೆ, ಅಲ್ಲಿ ಫೋನು ಸೋಲುವುದು ಮಳೆಯಲ್ಲಿ. ಜುಲೈಯಲ್ಲಿ ಕುಮಟಾ–ಶಿರಸಿ ನಡುವಿನ ದೇವಿಮನೆ ಘಟ್ಟ ಹತ್ತುವಾಗ ನೋಡಿ: ಒಂದೊಂದು ಹನಿಯನ್ನೂ ಟಚ್ ಸ್ಕ್ರೀನ್ ಬೆರಳೆಂದೇ ತಿಳಿಯುತ್ತದೆ. ನಕ್ಷೆ ತನ್ನಷ್ಟಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ, ಯಾವುದೋ ಬಟನ್ ಒತ್ತಿ ದಾರಿಯೇ ರದ್ದಾಗುತ್ತದೆ. ಒರೆಸೋಣವೆಂದರೆ ಮೈಮೇಲೆ ಒಣಗಿದ ಬಟ್ಟೆಯ ತುಂಡೂ ಇರುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರೆ ಒಳಗೆ ಆವಿ ಕಟ್ಟುತ್ತದೆ. ನವೆಂಬರ್ ಕಳೆದು ಬಿಸಿಲು ಬಂದ ಮೇಲೆ ಉಲ್ಟಾ ತೊಂದರೆ: ಪರದೆ ಕಾಣಲು ಬೆಳಕು ಪೂರ್ತಿ ಏರಿಸಬೇಕು, ಬ್ಯಾಟರಿ ಮಧ್ಯಾಹ್ನದೊಳಗೆ ಮುಗಿಯುತ್ತದೆ. ತುರ್ತಿಗೆ ಕರೆ ಮಾಡಬೇಕಾದ ಫೋನನ್ನು ದಾರಿ ತೋರಿಸುವುದಕ್ಕೆ ಖಾಲಿ ಮಾಡುವುದು ನನಗೆ ಸರಿ ಕಾಣಲಿಲ್ಲ.

ಹೀಗಾಗಿ ನನ್ನ ಮೊದಲ ಷರತ್ತು ಬಟನ್. ಗ್ಲೌಸ್ ಹಾಕಿದ, ಒದ್ದೆಯಾದ ಬೆರಳಿಗೂ ಒತ್ತಿದ್ದು ಗೊತ್ತಾಗಬೇಕು. ಎರಡನೆಯದು ಬಿಸಿಲಿನ ಬೆಳಕನ್ನೇ ಬಳಸಿಕೊಂಡು ಕಾಣುವ ಪರದೆ. ಮೂರನೆಯದು ನೀರು ತಡೆಯುವ ಐಪಿಎಕ್ಸ್7 ದರ್ಜೆ, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ತಡೆಯಬೇಕು. ಇಷ್ಟನ್ನಿಟ್ಟು ಜರಡಿ ಹಿಡಿದರೆ ಪಟ್ಟಿ ತಾನಾಗಿ ಚಿಕ್ಕದಾಗುತ್ತದೆ. ಗಾರ್ಮಿನ್ ಕಂಪನಿಯ ಎಡ್ಜ್ 530 ಮತ್ತು 540, ವಾಹೂ ಕಂಪನಿಯ ಎಲೆಮೆಂಟ್ ಬೋಲ್ಟ್ ಇಂಥವು ಉಳಿಯುತ್ತವೆ. ಎಡ್ಜ್ 830ರಲ್ಲಿ ಟಚ್ ಇದೆ. ಬಯಲುಸೀಮೆಯವರಿಗೆ ಅದೇ ಅನುಕೂಲವಾದೀತು. ಚಾರಣವನ್ನೂ ಮಾಡುವವರಿಗೆ ಎರಡು ಎಎ ಸೆಲ್ ಹಾಕುವ ಗಾರ್ಮಿನ್ ಇಟ್ರೆಕ್ಸ್ 22ಎಕ್ಸ್ ಇಂದಿಗೂ ಒಳ್ಳೆಯದು. ಸೆಲ್ ಯಾವ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ.

ಸಂಕೇತದ ನಿಖರತೆ ನೋಡಲು ದೇವಿಮನೆಯನ್ನೇ ಆರಿಸಿಕೊಂಡೆ. ಫೋನು ಮತ್ತು ಎರವಲು ತಂದ ಎಡ್ಜ್ 540 ಎರಡನ್ನೂ ಒಟ್ಟಿಗೆ ಚಾಲೂ ಇಟ್ಟು ಹತ್ತಿ, ಮನೆಗೆ ಬಂದು ಎರಡೂ ಉಳಿಸಿಕೊಂಡ ದಾರಿಯ ಗೆರೆಗಳನ್ನು (ಜಿಪಿಎಕ್ಸ್ ಫೈಲು) ಒಂದೇ ನಕ್ಷೆಯ ಮೇಲೆ ಹಾಕಿದೆ. ತೆರೆದ ಕಡೆ ಎರಡೂ ಒಂದರ ಮೇಲೊಂದು. ತಿರುವುಗಳಲ್ಲಿ ಮಾತ್ರ ಫೋನಿನ ಗೆರೆ ರಸ್ತೆ ಬಿಟ್ಟು ಕಣಿವೆಯ ಮೇಲೆ ಹೋಗಿ ಮತ್ತೆ ವಾಪಸ್ ಬಂದಿತ್ತು. ಒಂದು ಪಕ್ಕದ ಗುಡ್ಡದ ಧರೆ ಅರ್ಧ ಆಕಾಶವನ್ನು ಮುಚ್ಚುತ್ತದೆ, ಒದ್ದೆ ಎಲೆಗಳು ಸಂಕೇತವನ್ನು ಹೀರುತ್ತವೆ. ಅದರ ಜೊತೆಗೆ, ಘಟ್ಟದಲ್ಲಿ ಕೂಗಿದರೆ ಎದುರು ಗುಡ್ಡದಿಂದ ಮಾರ್ದನಿ ಬರುವ ಹಾಗೆ, ಬಂಡೆಗೆ ಬಡಿದು ತಡವಾಗಿ ಬಂದ ಸಂಕೇತ ದೂರದ ಲೆಕ್ಕವನ್ನು ಕೆಡಿಸುತ್ತದೆ. 540ರಂಥ ಮಲ್ಟಿ-ಬ್ಯಾಂಡ್ ಸಾಧನಗಳು ಉಪಗ್ರಹ ಸಾರುವ ಎಲ್1 ತರಂಗದ ಜೊತೆಗೆ ಎಲ್5 ಎಂಬ ಇನ್ನೊಂದು ತರಂಗವನ್ನೂ ಕೇಳುವುದರಿಂದ ಈ ಮಾರ್ದನಿಯನ್ನು ಹೆಚ್ಚು ಚೆನ್ನಾಗಿ ಬೇರ್ಪಡಿಸುತ್ತವೆ. ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿತ್ತು. ಆದರೂ ನಾನು ಈ ಸೌಲಭ್ಯವಿಲ್ಲದ 530 ಅನ್ನೇ ಕೊಂಡೆ. ಘಟ್ಟದಲ್ಲಿ ಇರುವುದು ಒಂದೇ ರಸ್ತೆ, ಗೆರೆ ಹತ್ತು ಮೀಟರ್ ಆಚೀಚೆಯಾದರೆ ನಾನು ದಾರಿ ತಪ್ಪುವುದಿಲ್ಲ. ಹೀಗೆ ಉಳಿದ ಹಣದಲ್ಲಿ ಒಳ್ಳೆಯ ಹೆಡ್‌ಲೈಟ್ ಬಂತು.

ನಾನು ಬಿಡದೆ ಹಟ ಹಿಡಿದದ್ದು ಬ್ಯಾರೋಮೀಟರ್‌ಗೆ. ಉಪಗ್ರಹದಿಂದ ಸಿಗುವ ಎತ್ತರದ ಲೆಕ್ಕ, ನೆಲದ ಮೇಲಿನ ಸ್ಥಾನದ ಲೆಕ್ಕದಷ್ಟು ನಿಖರವಲ್ಲ. ಕುಮಟಾದಿಂದ ಸುಮಾರು 600 ಮೀಟರ್ ಎತ್ತರದ ಶಿರಸಿಗೆ ಹತ್ತುವವನಿಗೆ ಇನ್ನೆಷ್ಟು ಏರು ಬಾಕಿ ಎನ್ನುವುದೇ ಮುಖ್ಯ, ಉಸಿರನ್ನು ಅದರ ಮೇಲೇ ಹಂಚಿಕೊಳ್ಳಬೇಕು. ಬ್ಯಾರೋಮೀಟರ್ ಗಾಳಿಯ ಒತ್ತಡದಿಂದ ಎತ್ತರ ಅಳೆಯುತ್ತದೆ. ಒತ್ತಡ ಒಂದು ಮಿಲಿಬಾರ್ ಇಳಿದರೆ ಸುಮಾರು ಎಂಟು ಮೀಟರ್ ಮೇಲೇರಿದ ಲೆಕ್ಕ. ಮಳೆಗಾಲದಲ್ಲಿ ಹವೆ ಬದಲಾದಾಗ ನಿಂತಲ್ಲೇ ಎತ್ತರ ಬದಲಾಗುವುದು ಇದಕ್ಕೇ. ನಮಗೆ ಸುಲಭದ ಪರಿಹಾರವಿದೆ: ಕುಮಟಾದಲ್ಲೋ ಗೋಕರ್ಣದಲ್ಲೋ ಸಮುದ್ರದಂಡೆಯಲ್ಲಿ ನಿಂತು ಸೊನ್ನೆಗೆ ಹೊಂದಿಸಿ ಹೊರಡುವುದು. ಜೋರು ಮಳೆಯಲ್ಲಿ ಕಡಿದಾದ ಏರಿನಲ್ಲೂ ‘0%’ ಎಂದು ತೋರಿಸತೊಡಗಿದರೆ ಸಾಧನದ ಅಡಿಯ ಸಣ್ಣ ತೂತುಗಳಲ್ಲಿ ನೀರು ನಿಂತಿದೆ ಎಂದರ್ಥ. ಬಿಚ್ಚಿ ಜೋರಾಗಿ ಕೊಡವಿದರೆ ಸರಿಹೋಗುತ್ತದೆ. ಪಿನ್ನು ಹಾಕಿ ಕೆದಕಬೇಡಿ.

ಸಾಧನ ಎಷ್ಟೇ ಚೆನ್ನಾಗಿರಲಿ, ನಕ್ಷೆ ಚೆನ್ನಾಗಿಲ್ಲದಿದ್ದರೆ ವ್ಯರ್ಥ. ನಾನು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಜನರೇ ಸೇರಿ ಬರೆಯುವ ಮುಕ್ತ ನಕ್ಷೆಯಿಂದ ತಯಾರಾದ ನಕ್ಷೆ ಹಾಕಿಕೊಂಡಿದ್ದೇನೆ. ಅದರಲ್ಲೂ ಬೆಟ್ಟದ ದಾರಿ, ತೋಟದ ದಾರಿ ಎಲ್ಲ ಒಂದೇ ಥರದ ಗೆರೆಯಾಗಿ ಸೇರಿಕೊಂಡ ಜಾಗಗಳಿವೆ. ಸಿದ್ದಾಪುರದ ಕಡೆ ಒಮ್ಮೆ ಸಾಧನ ಹೇಳಿದಂತೆ ತಿರುಗಿದಾಗ ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಅಜ್ಜ ಕೈಯೆತ್ತಿ ನಿಲ್ಲಿಸಿದರು: “ಮುಂದೆ ರಸ್ತೆ ಇಲ್ಯೋ ತಮಾ, ನಮ್ಮನೆ ತೋಟ ಅಷ್ಟೇಯ.” ಬೆಲ್ಲ, ನೀರು ಕೊಟ್ಟು ಸರಿಯಾದ ದಾರಿ ತೋರಿಸಿ ಕಳಿಸಿದರು. ಆ ರಾತ್ರಿಯೇ ನಕ್ಷೆಯಲ್ಲಿ ಆ ತುಂಡನ್ನು ತಿದ್ದಿದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಖಾತೆ ತೆರೆದು ಯಾರು ಬೇಕಾದರೂ ತಿದ್ದಬಹುದು, ಊರಿನ ಹೆಸರನ್ನು ಕನ್ನಡದಲ್ಲೂ ಸೇರಿಸಬಹುದು. ನಮ್ಮ ಜಿಲ್ಲೆಯವರು ಇದನ್ನು ಇನ್ನಷ್ಟು ಮಾಡಬೇಕು ಎನ್ನುವ ಆಸೆ ನನಗಿದೆ. ಯಾವ ಕವಲು ತೋಟಕ್ಕೆ, ಯಾವುದು ಊರಿಗೆ ಎಂದು ಬಲ್ಲವರು ಇಲ್ಲಿರುವ ನಾವೇ.

ರಸ್ತೆ ಬಂದ್ ಆದ ಸುದ್ದಿಯೂ ಈ ಸಾಧನಗಳಿಗೆ ತಿಳಿಯದು. 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗಲೂ ಹಳೆಯ ನಕ್ಷೆ ಅದೇ ಹೆದ್ದಾರಿಯಲ್ಲೇ ಕಳಿಸುತ್ತಿತ್ತು. ತದಡಿ–ಅಘನಾಶಿನಿ ನಡುವಿನ ಬೋಟನ್ನು ಕೆಲವು ನಕ್ಷೆಗಳು ರಸ್ತೆಯಂತೆಯೇ ಎಣಿಸುತ್ತವೆ, ಬೋಟು ಬಿಡುವ ಹೊತ್ತು ದಂಡೆಯವರನ್ನೇ ಕೇಳಬೇಕು. ಮಳೆಗಾಲದಲ್ಲಿ ಘಟ್ಟ ಇಳಿಯುವ ಮುನ್ನ ಆ ಕಡೆಯ ಪರಿಚಯದವರಿಗೆ ಒಂದು ಫೋನು ಹಚ್ಚುವುದನ್ನು ನಾನು ಬಿಟ್ಟಿಲ್ಲ.

ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಗಾರ್ಮಿನ್ ಇನ್‌ರೀಚ್‌ನಂಥ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನು ವಿದೇಶದಲ್ಲಿರುವ ನೆಂಟರ ಕೈಯಲ್ಲಿ ತರಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಸಂಕೇತವನ್ನು ಬರೀ ಕೇಳುವ ಜಿಪಿಎಸ್ ಸಾಧನಕ್ಕೆ ನಮ್ಮಲ್ಲಿ ಅಡ್ಡಿಯಿಲ್ಲ. ಉಪಗ್ರಹಕ್ಕೆ ಮರಳಿ ಸಂದೇಶ ಕಳಿಸುವುದನ್ನು ಸರಕಾರದ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಅಪರಾಧ, ಪಕ್ಕದ ಗೋವಾದ ವಿಮಾನ ನಿಲ್ದಾಣದಲ್ಲೇ ಪ್ರವಾಸಿಗರು ಸಿಕ್ಕಿಬಿದ್ದಿದ್ದಾರೆ. ಕಾರವಾರದಲ್ಲಿ ನೌಕಾನೆಲೆ, ಅತ್ತ ಕೈಗಾ ಅಣುಸ್ಥಾವರ ಇರುವ ನಮ್ಮ ಜಿಲ್ಲೆಯಲ್ಲಂತೂ ಅಂಥದ್ದನ್ನು ಹ್ಯಾಂಡಲ್ಲಿಗೆ ಕಟ್ಟಿಕೊಂಡು ಓಡಾಡಲೇಬಾರದು.