ಅಜ್ಜನ ಕತ್ತಿ, ಕಾಫಿ ಕಲೆ ಮತ್ತು ನನ್ನ ಪ್ರಶ್ನೆ ಪುಸ್ತಕ

ನಮ್ಮ ಮನೆ ಭಾಗಮಂಡಲದ ಕಡೆ, ತೋಟದ ನಡುವೆ. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ. ಕೆಲವು ವರ್ಷಗಳ ಹಿಂದೆ ಜುಲೈಯಲ್ಲಿ ಹಾಗೇ ಐದು ದಿನ ಹೋಗಿತ್ತು. ಮೊಬೈಲಿನ ಚಾರ್ಜೂ ಮುಗಿಯಿತು. ಮೂರನೇ ದಿನ ಸಂಜೆ ಬುಡ್ಡಿ ದೀಪದ ಬೆಳಕಿನಲ್ಲಿ ಮೇಜಿನ ಮೇಲೊಂದು ಕಾಫಿ ಕಲೆ ಕಣ್ಣಿಗೆ ಬಿತ್ತು. ಸುತ್ತ ಬಳೆಯ ಹಾಗೆ ಕಪ್ಪು ಗೆರೆ, ನಡುವೆ ತೆಳು ಬಣ್ಣ. ಚೆಲ್ಲಿದಾಗ ಎಲ್ಲ ಕಡೆ ಒಂದೇ ಬಣ್ಣ ಇತ್ತಲ್ವಾ? ನಡುವಿನ ಕಾಫಿ ಅಂಚಿಗೆ ಹೋಗಿದ್ದು ಹೇಗೆ?

ಹುಟ್ಟಿದಾಗಿನಿಂದ ಕಾಫಿ ನೋಡಿಕೊಂಡೇ ಬೆಳೆದವನು ನಾನು. ಈ ಪ್ರಶ್ನೆ ಒಂದು ಸಲವೂ ಬಂದಿರಲಿಲ್ಲ. ಕೂಲಿ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟೆ. ನನ್ನ ಪ್ರಶ್ನೆ ಪುಸ್ತಕ ಶುರುವಾಗಿದ್ದು ಹೀಗೆ.

ಕರೆಂಟು ಬಂದ ಕೂಡಲೇ ಫೋನಿನಲ್ಲಿ ಹುಡುಕಬಹುದಿತ್ತು. ಹುಡುಕಲಿಲ್ಲ. ಮೊದಲ ಎರಡು ದಿನ ನಾನೇ ಮಾಡಿ ನೋಡಿದ್ದೆ, ಆ ಖುಷಿ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಆಗಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಪ್ರಶ್ನೆ ಬರೆದ ಮೇಲೆ ಮೂರು ರಾತ್ರಿ ಉತ್ತರ ಹುಡುಕಬಾರದು. ಅಷ್ಟರಲ್ಲಿ ಕೈಯಲ್ಲಿ ಏನು ಮಾಡಿ ನೋಡಬಹುದೋ ನೋಡಬೇಕು, ಯಾರನ್ನು ಕೇಳಬಹುದೋ ಕೇಳಬೇಕು.

ಕಾಫಿ ಕಲೆಗೆ ನಾನು ಮಾಡಿದ್ದು ಇಷ್ಟು. ಮೇಜು ವಾಲಿರಬಹುದು ಅಂತ ಗಾಜಿನ ತುಂಡನ್ನು ಸಮ ಇಟ್ಟು ಅದರ ಮೇಲೆ ಹನಿ ಬಿಟ್ಟೆ. ಬಳೆ ಬಂತು. ಸ್ಟೀಲ್ ತಟ್ಟೆಯ ಮೇಲೂ ಬಂತು. ಬೆಲ್ಲದ ಕಾಫಿಯ ಹನಿ ಮಾತ್ರ ಅಂಟಂಟಾಗಿ ಒಣಗಿತು, ಗೆರೆ ಅಷ್ಟು ಚೊಕ್ಕವಾಗಿರಲಿಲ್ಲ. ಆ ಥಂಡಿಯಲ್ಲಿ ಒಂದು ಹನಿ ಒಣಗಲು ಗಂಟೆಗಟ್ಟಲೆ ಬೇಕು, ಕಾಯುತ್ತಾ ಕೂತೆ. ಕೊನೆಗೆ ಹಿತ್ತಲಿನ ಕೆಸುವಿನ ಎಲೆ ತಂದೆ. ಅದರ ಮೇಲೆ ಹನಿ ಮುತ್ತಿನ ಹಾಗೆ ಉರುಳಿ ಕೆಳಗೆ ಬಿತ್ತು. ಕಲೆಯೇ ಇಲ್ಲ! ಅಂಚು ಮೊದಲು ಒಣಗುತ್ತದೆ ಅಂತ ಊಹಿಸಿದ್ದೆ. ಆದರೆ ಎಲೆ ಹೇಳಿದ್ದು ಅರ್ಥವಾಗಲಿಲ್ಲ.

ಪ್ರಶ್ನೆ ಬರೆದ ನಾಲ್ಕನೇ ದಿನ ಓದಿದೆ. 1997ರಲ್ಲಿ ಶಿಕಾಗೋದ ವಿಜ್ಞಾನಿಗಳು ಇದನ್ನು ವಿವರಿಸಿ ನೇಚರ್ ಪತ್ರಿಕೆಯಲ್ಲಿ ಬರೆದಿದ್ದಾರೆ. ಹನಿಯ ಅಂಚು ಮೇಜಿಗೆ ಕಚ್ಚಿಕೊಂಡಿರುತ್ತದೆ. ಅಲ್ಲಿ ನೀರು ಬೇಗ ಆರುತ್ತದೆ, ಆದರೆ ಕಚ್ಚಿಕೊಂಡ ಅಂಚು ಒಳಗೆ ಸರಿಯಲಾರದು. ಆರಿದ್ದನ್ನು ತುಂಬಲು ನಡುವಿನ ನೀರು ಹೊರಗೆ ಹರಿಯುತ್ತದೆ, ಪುಡಿಯನ್ನೂ ಹೊತ್ತುಕೊಂಡು ಹೋಗುತ್ತದೆ. ಕೆಸುವಿನ ಎಲೆಗೆ ಹನಿ ಕಚ್ಚಿಕೊಳ್ಳುವುದೇ ಇಲ್ಲ. ಉತ್ತರದ ಅರ್ಧ ನನ್ನ ಹಿತ್ತಲಲ್ಲೇ ಇತ್ತು! ಆ ರಾತ್ರಿ ನಿದ್ದೆ ಬರಲಿಲ್ಲ.

ಕೇಳುವುದರಲ್ಲೂ ಒಂದು ವಿಷಯ ಕಲಿತೆ. ‘ಯಾಕೆ’ ಅಂತ ಕೇಳಿದರೆ ಜನ ಹಿಂಜರಿಯುತ್ತಾರೆ. ‘ನೀವು ಏನು ನೋಡಿದ್ದೀರಿ’ ಅಂತ ಕೇಳಿದರೆ ಅರ್ಧ ಗಂಟೆ ಮಾತಾಡುತ್ತಾರೆ. ಕಾಫಿ ಅರಳಿಸುವ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಇಡೀ ರೊಬಸ್ಟಾ ಕಾಫಿ ತೋಟ ಒಟ್ಟಿಗೆ ಹೂ ಬಿಟ್ಟು ಬೆಳ್ಳಗಾಗುತ್ತದಲ್ಲ, ಅದನ್ನು ನಮ್ಮ ತೋಟದ ಹಿರಿಯ ಕೆಲಸಗಾರ್ತಿಯ ಹತ್ತಿರ ಕೇಳಿದೆ. ‘ಒಂದಕ್ಕೊಂದು ಕಾಯ್ತವೆ’ ಅಂದರು. ಗಿಡ ಕಾಯುವುದು ಮಳೆಗೆ, ನಿಜ. ಆದರೆ ರೊಬಸ್ಟಾ ಹೂವಿಗೆ ತನ್ನದೇ ಗಿಡದ ಪರಾಗ ಆಗುವುದಿಲ್ಲ. ಪಕ್ಕದ ಗಿಡವೂ ಅದೇ ದಿನಗಳಲ್ಲಿ ಅರಳಿರಬೇಕು, ಗಾಳಿಯೋ ಜೇನೋ ಪರಾಗ ತರಬೇಕು. ಇನ್ನೊಂದು ಜಾತಿಯ ಕಾಫಿ ಅರೇಬಿಕಾಗೆ ಈ ಕಷ್ಟ ಇಲ್ಲ. ಅವರ ಮಾತನ್ನು ಹಾಗೇ ಬರೆದುಕೊಂಡಿದ್ದೇನೆ, ತಿದ್ದಿಲ್ಲ.

ಕೆಲವು ಪ್ರಶ್ನೆಗೆ ಮೂರು ರಾತ್ರಿ ಸಾಲುವುದಿಲ್ಲ. ನಮ್ಮಲ್ಲಿ ಅಜ್ಜನ ಕತ್ತಿ ಅಂತ ಒಂದಿದೆ, ಕಾಡು ಸವರುವ ಕತ್ತಿ. ಅದರ ಹಿಡಿ ಮೂರು ಸಲ ಬದಲಾಗಿದೆ. ಅಪ್ಪನ ಕಾಲದಲ್ಲಿ ಅಲಗು ಮುರಿದು, ಕುಲುಮೆಯಲ್ಲಿ ಹೊಸದು ಮಾಡಿಸಿದರು. ಅಜ್ಜ ಮುಟ್ಟಿದ ಒಂದು ಚೂರೂ ಈಗ ಅದರಲ್ಲಿಲ್ಲ. ಆದರೂ ನಮಗೆಲ್ಲ ಅದು ಅಜ್ಜನ ಕತ್ತಿಯೇ. ಹಾಗಾದರೆ ಅದರಲ್ಲಿ ಅಜ್ಜನದು ಅನ್ನುವುದು ಎಲ್ಲಿದೆ?

ಗ್ರೀಕರಲ್ಲೂ ಇದೇ ಪ್ರಶ್ನೆ ಇತ್ತಂತೆ. ಅವರ ಪುರಾಣದ ವೀರ ಥೀಸಿಯಸ್‌ನ ಹಡಗಿನ ಹಲಗೆ ಒಂದೊಂದಾಗಿ ಬದಲಾದ ಮೇಲೆ ಅದು ಅದೇ ಹಡಗೋ ಅಲ್ಲವೋ ಅಂತ ವಾದ ಮಾಡುತ್ತಿದ್ದರೆಂದು ಪ್ಲುಟಾರ್ಕ್ ಎಂಬ ಗ್ರೀಕ್ ಲೇಖಕ ಬರೆದಿದ್ದಾನೆ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಹಾಬ್ಸ್ ಇನ್ನೊಂದು ಗಂಟು ಹಾಕಿದ. ಬಿಚ್ಚಿದ ಹಳೆ ಹಲಗೆಗಳನ್ನೆಲ್ಲ ಯಾರಾದರೂ ಕೂಡಿಟ್ಟು ಮತ್ತೆ ಹಡಗು ಕಟ್ಟಿದರೆ? ಎರಡರಲ್ಲಿ ನಿಜವಾದದ್ದು ಯಾವುದು?

ಈ ಪ್ರಶ್ನೆ ಹಿಡಿದುಕೊಂಡು ತೋಟ ಸುತ್ತಿದರೆ ಎಲ್ಲೆಲ್ಲೂ ಅದೇ ಕಾಣುತ್ತದೆ. ಅಜ್ಜ ನೆಟ್ಟ ರೊಬಸ್ಟಾವನ್ನು ನಾನು ಬುಡದಿಂದ ಒಂದಡಿ ಬಿಟ್ಟು ಕಡಿದೆ, ಹೊಸ ಚಿಗುರು ಬಂದು ಈಗ ಕಾಯಿ ಬಿಡುತ್ತಿದೆ. ಅದು ಯಾರ ಗಿಡ? ಭಾಗಮಂಡಲದ ಸಂಗಮದಲ್ಲಿ ಚಿಕ್ಕಂದಿನಲ್ಲಿ ನಾನು ಮುಳುಗಿದ ನೀರು ಯಾವತ್ತೋ ಸಮುದ್ರ ಸೇರಿದೆ, ಕಾವೇರಿ ಮಾತ್ರ ಅದೇ ಕಾವೇರಿ. ನನ್ನ ಮೈಯ ಕೆಂಪು ರಕ್ತಕಣಗಳಿಗೆ ಸುಮಾರು 120 ದಿನ ಆಯಸ್ಸು. ಅಜ್ಜನ ಕೈ ಹಿಡಿದು ತಲಕಾವೇರಿ ಮೆಟ್ಟಿಲು ಹತ್ತಿದ ಹುಡುಗನ ರಕ್ತದ ಒಂದು ಕಣವೂ ನನ್ನಲ್ಲಿ ಉಳಿದಿಲ್ಲ. ಆದರೂ ಆ ಕೈಯ ಬಿಸಿ ನನಗೆ ನೆನಪಿದೆ.

ಈ ಪುಟದಲ್ಲಿ ಉತ್ತರದ ಜಾಗ ಇನ್ನೂ ಖಾಲಿ ಇದೆ. ಬಳಸುವ ಕೈಯಲ್ಲಿದೆಯೇನೋ ಅಂತ ಒಮ್ಮೆ ಬರೆದು, ಹೊಡೆದು ಹಾಕಿದ್ದೇನೆ. ಕರೆಯುವ ಹೆಸರಲ್ಲಿದೆ ಅಂತ ಅಮ್ಮ ಹೇಳುತ್ತಾರೆ. ಅದನ್ನೂ ಕೆಳಗೆ ಬರೆದಿಟ್ಟಿದ್ದೇನೆ.

ಈ ಮಳೆಗೆ ಕತ್ತಿಯ ಹಿಡಿ ಮತ್ತೆ ಬಿರುಕು ಬಿಟ್ಟಿದೆ. ಹೊಸದು ಹಾಕಿಸಲು ಮುಂದಿನ ವಾರ ಕೊಡುತ್ತೇನೆ. ಬಿಚ್ಚಿದ ಹಳೇ ಹಿಡಿಯನ್ನು ಮಾತ್ರ ಒಲೆಗೆ ಹಾಕಬೇಡಿ ಅಂತ ಮನೆಯಲ್ಲಿ ಹೇಳಿದ್ದೇನೆ.