ಬಾವಿಗೊಂದು ಪಂಪು, ಬೋರ್‌ವೆಲ್‌ಗೊಂದು ಪಂಪು, ಮನೆ ಮಾತ್ರ ಒಂದೇ

ಪುತ್ತೂರು ಕಡೆ ತುಂಬಾ ಮನೆಗಳಲ್ಲಿ ಈಗ ನೀರಿಗೆ ಎರಡು ಮೂಲ. ಅಂಗಳದ ಬದಿಯಲ್ಲಿ ಮುರಕಲ್ಲಿನ ಬಾವಿ, ತೋಟದ ಅಂಚಿನಲ್ಲಿ ಬೋರ್‌ವೆಲ್. ನಮ್ಮಲ್ಲೂ ಹಾಗೇ. ಬಾವಿಗೆ 1 ಎಚ್‌ಪಿ ಮೋನೋಬ್ಲಾಕ್ (ದಡದ ಮೇಲೆ ಕೂರುವ ಪಂಪು), ಬೋರಿಗೆ 1.5 ಎಚ್‌ಪಿ ಸಬ್‌ಮರ್ಸಿಬಲ್ (ನೀರಿನೊಳಗೆ ಮುಳುಗಿರುವ ಪಂಪು). ಮಳೆ ಶುರುವಾದ ಮೇಲೆ ಫೆಬ್ರವರಿವರೆಗೂ ಬಾವಿಯೇ ಸಾಕು. ಮಾರ್ಚ್ ಕಳೆದರೆ ಬಾವಿ ಬೆಳಿಗ್ಗೆ ಸ್ವಲ್ಪ ಹೊತ್ತು ನೀರು ಕೊಟ್ಟು ನಿಲ್ಲುತ್ತದೆ. ಉಳಿದದ್ದನ್ನು ಬೋರ್ ನೋಡಿಕೊಳ್ಳಬೇಕು.

ಎರಡನ್ನೂ ಮನೆಗೆ ಜೋಡಿಸುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಎರಡು ಪಂಪಿನ ನೀರನ್ನು ಪೈಪಿನಲ್ಲಿ ಸೇರಿಸಬೇಡಿ, ಟ್ಯಾಂಕಿನಲ್ಲಿ ಸೇರಿಸಿ. ಪ್ಲಂಬರ್ ಬಂದು "ಒಂದು ಟೀ ಹಾಕಿದರೆ ಆಯ್ತು, ಪೈಪಿನ ಖರ್ಚು ಉಳಿಯುತ್ತದೆ" ಎನ್ನಬಹುದು (ಟೀ ಎಂದರೆ ಎರಡು ಪೈಪನ್ನು ಒಂದಕ್ಕೆ ಸೇರಿಸುವ ಮೂರು ಬಾಯಿಯ ಜೋಡಣೆ). ಒಪ್ಪಬೇಡಿ.

ನಮ್ಮ ಪಕ್ಕದ ಮನೆಯಲ್ಲಿ ಹಾಗೆ ಟೀ ಹಾಕಿದ್ದರು. ಬೋರ್ ಓಡಿದಾಗ ನೀರಿಗೆ ಎರಡು ದಾರಿ: ಒಂದು ಮೇಲೆ ಟ್ಯಾಂಕಿಗೆ, ಇನ್ನೊಂದು ಬಾವಿ ಪಂಪಿನ ಪೈಪಿನಲ್ಲಿ ಕೆಳಗೆ. ಕೆಳಗಿನ ದಾರಿಯನ್ನು ತಡೆಯುತ್ತಿದ್ದದ್ದು ಬಾವಿಯೊಳಗೆ ಪೈಪಿನ ತುದಿಯಲ್ಲಿರುವ, ನೀರು ವಾಪಸ್ ಇಳಿಯದಂತೆ ಮುಚ್ಚುವ ಫುಟ್‌ವಾಲ್ವ್ ಒಂದೇ. ಅದರ ಬಾಯಿಗೆ ಒಣಗಿದ ಎಲೆಯ ಒಂದು ಚೂರು ಸಿಕ್ಕಿಕೊಂಡಿತ್ತು, ಅಷ್ಟೇ. ಬೋರಿನ ಕಬ್ಬಿಣದ ನೀರು ಸದ್ದಿಲ್ಲದೆ ಬಾವಿಗೆ ಇಳಿಯುತ್ತಾ ಹೋಯಿತು. ಕುಡಿಯುವ ಬಾವಿಯ ಮೇಲೆ ಕಂದು ಬಣ್ಣದ ಪದರ ಕಂಡಾಗಲೇ ಮನೆಯವರಿಗೆ ಗೊತ್ತಾದದ್ದು. ಒಳ್ಳೆಯ ಬಾವಿ ಹಾಗೆ ಕೆಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನು ಎರಡೂ ಪಂಪು ಒಟ್ಟಿಗೆ ಹಾಕಿದರೆ ನೀರು ಡಬಲ್ ಆಗುತ್ತದೆ ಅನ್ನುವ ಲೆಕ್ಕವೂ ಸರಿಯಲ್ಲ. ಒಂದೇ ಪೈಪಿನಲ್ಲಿ ಎರಡು ಪಟ್ಟು ನೀರು ಓಡಿಸಿದರೆ ಒಳಗಿನ ತಿಕ್ಕಾಟ ಮೂರೂವರೆ, ನಾಲ್ಕು ಪಟ್ಟು ಏರುತ್ತದೆ. ಜೋರಿನ ಪಂಪು ಗೆಲ್ಲುತ್ತದೆ, ಸಣ್ಣದು ನೀರು ಎತ್ತಲಾಗದೆ ಸುಮ್ನೆ ತಿರುಗಿ ಬಿಸಿಯಾಗುತ್ತದೆ.

ಆದ್ದರಿಂದ ಎರಡು ಪೈಪು ಬೇರೆ ಬೇರೆಯಾಗಿ ಟ್ಯಾಂಕಿನವರೆಗೂ ಹೋಗಲಿ. ಪೈಪಿನ ತುದಿ ನೀರಿನಲ್ಲಿ ಮುಳುಗಬಾರದು. ಓವರ್‌ಫ್ಲೋ ತೂತಿಗಿಂತ ಎರಡು ಇಂಚಾದರೂ ಮೇಲೆ ಇರಬೇಕು. ಮುಳುಗಿದ್ದರೆ ಫುಟ್‌ವಾಲ್ವ್ ಸೋರಿದ ದಿನ ಟ್ಯಾಂಕಿನ ನೀರೇ ಸೈಫನ್ ಆಗಿ ಬಾವಿಗೆ ಇಳಿಯುತ್ತದೆ. ಮೇಲಿನಿಂದ ಬೀಳುವ ನೀರಿಗೆ ಗಾಳಿ ತಾಗುವುದೂ ಒಳ್ಳೆಯದೇ. ಬೋರಿನ ಕಬ್ಬಿಣದ ಅಂಶ ತುಕ್ಕಾಗಿ ತಳಕ್ಕೆ ಕೂರುತ್ತದೆ, ಆಗಾಗ ತೊಳೆದು ಬಿಡಬಹುದು. ನಾವಂತೂ ಅಡುಗೆಮನೆಗೆ 500 ಲೀಟರಿನ ಸಣ್ಣ ಟ್ಯಾಂಕು ಬೇರೆಯೇ ಇಟ್ಟಿದ್ದೇವೆ. ಅದಕ್ಕೆ ಬಾವಿಯ ನೀರು ಮಾತ್ರ. ಬೋರಿನ ನೀರನ್ನು ಕುಡಿಯಲೇಬೇಕಾದರೆ ಮೊದಲು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ.

ಜಾಗ ಇಲ್ಲದೆ ಟೀ ಹಾಕಲೇಬೇಕಾದ ಮನೆಗಳೂ ಇವೆ, ಗೊತ್ತು. ಹಾಗಾದರೆ ಟೀಗೆ ಸೇರುವ ಮೊದಲು ಪ್ರತಿ ಲೈನಿಗೂ ಒಂದು ಯೂನಿಯನ್ (ಬೇಕಾದಾಗ ಬಿಚ್ಚಬಹುದಾದ ಜೋಡಣೆ), ಒಂದು ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್), ಒಂದು ಗೇಟ್‌ವಾಲ್ವ್ ಬೇಕೇ ಬೇಕು. ಹಿತ್ತಾಳೆಯ ಎನ್‌ಆರ್‌ವಿ ಮೈಮೇಲೆ ಬಾಣದ ಗುರುತು ಇರುತ್ತದೆ. ಅದು ಟ್ಯಾಂಕಿನ ಕಡೆ ತೋರಿಸಬೇಕು. ಒಳಗೆ ಬಾಗಿಲಿನಂತೆ ತೂಗುವ ತಟ್ಟೆ ಇರುವ ಜಾತಿಯದಾದರೆ ಅಡ್ಡ ಪೈಪಿನಲ್ಲಿ ಹಾಕಿ, ಇಲ್ಲವೇ ನೀರು ಮೇಲೇರುವ ಪೈಪಿನಲ್ಲಿ. ಪಂಪಿಗೂ ಎನ್‌ಆರ್‌ವಿಗೂ ನಡುವೆ ಅರ್ಧ ಇಂಚಿನ ಒಂದು ನಲ್ಲಿ ಹಾಕಿಸಿ. ಬಾವಿ ಪಂಪು ನಿಲ್ಲಿಸಿ, ಬೋರ್ ಓಡಿಸಿ, ಬಾವಿ ಲೈನಿನ ಈ ನಲ್ಲಿ ತೆರೆಯಿರಿ. ಪೈಪಿನಲ್ಲಿ ಉಳಿದ ನೀರು ಬಂದು ನಿಂತರೆ ಎನ್‌ಆರ್‌ವಿ ಸರಿ ಇದೆ. ಬರುತ್ತಲೇ ಇದ್ದರೆ ಸೋರುತ್ತಿದೆ, ಬಿಚ್ಚಿ ನೋಡಿ.

ಯಾವ ಪಂಪು ಎಷ್ಟು ಹೊತ್ತು ಓಡಬೇಕು ಅನ್ನುವುದಕ್ಕೆ ಅಳತೆ ಬೇಕು. ಬೋರಿಗೆ 200 ಲೀಟರಿನ ಡ್ರಮ್ ಸಾಕು. 6 ನಿಮಿಷದಲ್ಲಿ ತುಂಬಿದರೆ ಗಂಟೆಗೆ 2,000 ಲೀಟರ್. ಬಾವಿಗಾದರೆ ಪಂಪು ನಿಲ್ಲಿಸಿದ ಮೇಲೆ ನೀರು ಎಷ್ಟು ಏರಿತು ಎಂದು ಹಗ್ಗ ಬಿಟ್ಟು ನೋಡಬೇಕು. ಬಾವಿ 2 ಮೀಟರ್ ಅಗಲ ಇದ್ದರೆ ನೀರು 10 ಸೆಂಟಿಮೀಟರ್ ಏರಿದಾಗ ಸುಮಾರು 314 ಲೀಟರ್ ಒಸರಿದೆ ಎಂದು ಲೆಕ್ಕ. ಏಪ್ರಿಲ್‌ನಲ್ಲಿ ಈ ಅಳತೆ ಮಾಡಿ. ಆಗಸ್ಟ್‌ನಲ್ಲಿ ಮಾಡಿದ್ದು ಯಾತಕ್ಕೂ ಬರುವುದಿಲ್ಲ. ಇನ್ನೊಂದು ವಿಷಯ, ದಡದ ಮೇಲೆ ಕೂರಿಸಿದ ಮೋನೋಬ್ಲಾಕ್ ಸುಮಾರು 7 ಮೀಟರಿಗಿಂತ ಆಳದ ನೀರನ್ನು ಎಳೆಯುವುದಿಲ್ಲ. ಬೇಸಿಗೆಯಲ್ಲಿ ನೀರು ಅದಕ್ಕಿಂತ ಕೆಳಗೆ ಹೋಗುವ ಬಾವಿಗೆ ಓಪನ್‌ವೆಲ್ ಸಬ್‌ಮರ್ಸಿಬಲ್ ಹಾಕುವುದೇ ಒಳ್ಳೆಯದು.

ಈಗ ಕರೆಂಟಿನ ವಿಷಯ. ಪ್ರತಿ ಮೋಟಾರಿಗೂ ಬೇರೆ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್), ಬೇರೆ ಸ್ಟಾರ್ಟರ್, ಬೇರೆ ಡ್ರೈ ರನ್ ಪ್ರಿವೆಂಟರ್ ಇರಲಿ. ನೀರು ಖಾಲಿಯಾದಾಗ ಮೋಟಾರು ಎಳೆಯುವ ಆಂಪಿಯರ್ ಇಳಿಯುತ್ತದೆ. ಅದನ್ನು ನೋಡಿಯೇ ಡ್ರೈ ರನ್ ಪ್ರಿವೆಂಟರ್ ಪಂಪು ನಿಲ್ಲಿಸುವುದು. ಟ್ಯಾಂಕಿಗೆ ಎರಡು ಫ್ಲೋಟ್ (ನೀರಿನ ಮಟ್ಟಕ್ಕೆ ತಕ್ಕಂತೆ ಆನ್-ಆಫ್ ಆಗುವ ತೇಲುವ ಸ್ವಿಚ್) ಹಾಕಿ, ಬೇರೆ ಬೇರೆ ಎತ್ತರದಲ್ಲಿ. ನೀರು ಒಂದು ಅಡಿ ಇಳಿದಾಗ ಬಾವಿ ಪಂಪು ಆನ್ ಆಗಲಿ, ಎರಡೂವರೆ ಅಡಿ ಇಳಿದಾಗ ಮಾತ್ರ ಬೋರ್. ಬಾವಿ ಬತ್ತಿದರೆ ಅದರ ಪಂಪು ತಾನೇ ನಿಲ್ಲುತ್ತದೆ, ಟ್ಯಾಂಕು ಇನ್ನೂ ಇಳಿಯುತ್ತದೆ, ಬೋರ್ ಶುರುವಾಗುತ್ತದೆ. ಯಾರೂ ಎದ್ದು ಹೋಗಿ ಸ್ವಿಚ್ ಬದಲಿಸಬೇಕಾಗಿಲ್ಲ. ಮೋಟಾರಿನ ಕರೆಂಟನ್ನು ಫ್ಲೋಟಿನ ವಯರಿನಲ್ಲಿ ಹಾಯಿಸಬೇಡಿ. ಅದಕ್ಕೆ ಕಾಂಟ್ಯಾಕ್ಟರ್ (ಫ್ಲೋಟಿನ ಸೂಚನೆಯಂತೆ ಮೋಟಾರಿನ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಬೇಕು, ಫ್ಲೋಟಿಗೆ ಕಡಿಮೆ ವೋಲ್ಟೇಜ್ ಕೊಡಿ. ಒಂದು ಓಡುವಾಗ ಇನ್ನೊಂದು ಆನ್ ಆಗದಂತೆ ಇಂಟರ್‌ಲಾಕ್ ಮಾಡಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಸ್ಟಾರ್ಟ್ ಆಗುವಾಗ ಮೋಟಾರು ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಹಳ್ಳಿಯ ಕಡಿಮೆ ವೋಲ್ಟೇಜಿನಲ್ಲಿ ಎರಡೂ ಒಟ್ಟಿಗೆ ಎದ್ದರೆ ಎರಡಕ್ಕೂ ಕಷ್ಟ. ಅರ್ಥಿಂಗ್ ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ವಿಷಯದಲ್ಲಿ ದಯವಿಟ್ಟು ಚೌಕಾಸಿ ಬೇಡ. ನೀರು, ಕರೆಂಟು ಎರಡೂ ಇರುವ ಜಾಗ ಅಲ್ವಾ.

ಮಳೆಗಾಲದಲ್ಲಿ ಬೋರನ್ನು ಮರೆತೇ ಬಿಡುವವರು ಜಾಸ್ತಿ. ಕೆಲಸವಿಲ್ಲದೆ ನಿಂತ ಪಂಪಿನೊಳಗೆ ಕಬ್ಬಿಣದ ಕೆಸರು ಕಟ್ಟಿ ಜಾಮ್ ಆಗುತ್ತದೆ. ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ಓಡಿಸಿ, ಮೊದಲು ಬರುವ ಕೆಂಪು ನೀರನ್ನು ತೋಟಕ್ಕೆ ಬಿಡಿ, ಆಂಪಿಯರ್ ಮೀಟರ್ ತೋರಿಸುವ ಅಂಕಿಯನ್ನು ಪ್ಯಾನೆಲ್ ಬಾಗಿಲಿನ ಒಳಬದಿಯಲ್ಲಿ ತಾರೀಕು ಸಮೇತ ಬರೆದಿಡಿ. ಹೋದ ಸಲಕ್ಕಿಂತ ಒಂದು ಆಂಪಿಯರ್ ಏರಿದ್ದರೆ ಬೇಸಿಗೆವರೆಗೆ ಕಾಯದೆ ಆಗಲೇ ಮೆಕ್ಯಾನಿಕ್ಕಿಗೆ ಫೋನ್ ಮಾಡಿ. ಮಾರ್ಚ್ ಬಂದರೆ ಪಂಪು ಎತ್ತುವವರೆಲ್ಲ ಬಿಜಿ ಆಗಿಬಿಡುತ್ತಾರೆ.